ಚೈನ್‌ಸಾ ಗಾಯಕ್ಕೆ ಹತ್ತಿ ಸುತ್ತಿಕೊಂಡು ಬರೋರಿಗೆ

ಚೈನ್‌ಸಾ, ಅಂದ್ರೆ ಮರ ಕೊಯ್ಯೋ ಮೋಟಾರ್ ಗರಗಸ, ತಗುಲಿಸಿಕೊಂಡು ಕ್ಯಾಶುವಾಲ್ಟಿಗೆ ಬರೋರ ಜೊತೆ ಅಣ್ಣನೋ ತಮ್ಮನೋ ಒಬ್ರು ಇದ್ದೇ ಇರ್ತಾರೆ, ಅವರ ಕಂಕುಳಲ್ಲಿ ಒಂದು ಫಸ್ಟ್ ಏಡ್ ಡಬ್ಬನೂ ಇರುತ್ತೆ. "ಡಾಕ್ಟ್ರೇ, ಫಸ್ಟ್ ಏಡ್ ಎಲ್ಲಾ ಮಾಡ್ಕೊಂಡೇ ಬಂದಿದೀವಿ" ಅಂತಾರೆ. ಕೈ ಬಿಡುವಾದ ಮೇಲೆ ಆ ಡಬ್ಬ ಇಸ್ಕೊಂಡು ಒಳಗೇನಿದೆ ಅಂತ ನೋಡೋದು ನನಗೊಂದು ಚಟ. ಬೆರಳಿಗೆ ಅಂಟಿಸೋ ಪ್ಲಾಸ್ಟರ್ ನಲವತ್ತು, ಡೇಟ್ ಮುಗಿದ ಮುಲಾಮು, ಥರ್ಮಾಮೀಟರ್, ದಾರ ಕತ್ತರಿಸೋಕೂ ತಿಣುಕೋ ಒಂದು ಕತ್ತರಿ, ಆ್ಯಂಟಿಸೆಪ್ಟಿಕ್ ಅರ್ಧ ಬಾಟ್ಲಿ, ಮತ್ತೆ ಹತ್ತಿ ಉರುಳೆಗೆ ಸುತ್ತಿ ಬಂದಿರೋ ನೀಲಿ ಕಾಗದ. ಹತ್ತಿ ಇಲ್ಲ. ಅದು ಪೂರ್ತಿ ಗಾಯದ ಮೇಲಿದೆ.

ಆ ಹತ್ತಿ ಬಿಡಿಸೋದನ್ನ ಒಂದ್ಸಲ ನೋಡಿದ್ರೆ ನೀವು ಮತ್ತೆ ಹತ್ತಿ ಕೊಳ್ಳಲ್ಲ. ಮೇಲಿನ ಪದರ ಬೆಳ್ಳಗೆ, ಅದರ ಕೆಳಗೆ ತಿಳಿ ಗುಲಾಬಿ, ಅದಕ್ಕೂ ಕೆಳಗೆ ಒದ್ದೆ ಸ್ಪಂಜಿನ ಥರ ಭಾರವಾದ ಕಪ್ಪು ಮುದ್ದೆ, ಅದನ್ನ ಎತ್ತಿದ ಕೂಡಲೇ ಕೆಳಗಿಂದ ನಾಡಿಬಡಿತಕ್ಕೆ ಸರಿಯಾಗಿ ರಕ್ತ ಚಿಮ್ತಾ ಇರುತ್ತೆ. ಪಕ್ಕದಲ್ಲಿ ನಿಂತ ತಮ್ಮ ಗಾಬರಿಯಾಗಿ "ನಿಂತಿತ್ತಲ್ಲ ಡಾಕ್ಟ್ರೇ, ಮೇಲೆ ಕಾಣ್ತಾನೇ ಇರ್ಲಿಲ್ಲ" ಅಂತಾನೆ. ಪಾಪ, ಅವನ ತಪ್ಪಲ್ಲ. ಮೇಲೆ ಕಾಣ್ತಾ ಇರ್ಲಿಲ್ಲ ಅನ್ನೋದು ನಿಜಾನೇ.

ನಾನು ವರ್ಷಗಟ್ಟಲೆಯಿಂದ ಹೇಳ್ತಾ ಬಂದಿರೋದು ಇದೊಂದೇ, ಇನ್ನೊಂದ್ಸಲ ಹೇಳ್ತೀನಿ. ರಕ್ತ ಹೀರಿಕೊಳ್ಳೋದು ಬೇರೆ, ರಕ್ತ ನಿಲ್ಲಿಸೋದು ಬೇರೆ. ಹತ್ತಿ, ಟವೆಲ್, ದಪ್ಪ ಪ್ಯಾಡು, ಇವೆಲ್ಲ ಹೀರ್ತವೆ. ದೊಡ್ಡವರ ಮೈಯಲ್ಲಿ ಇರೋದೇ ಸುಮಾರು 5 ಲೀಟರ್ ರಕ್ತ, ಒಂದು ದಪ್ಪ ಟವೆಲ್ ಅದರಲ್ಲಿ ಎಷ್ಟನ್ನ ಸದ್ದಿಲ್ಲದೆ ಕುಡಿದುಬಿಡುತ್ತೆ ಅಂತ ನೀವೇ ನೀರಲ್ಲಿ ಅದ್ದಿ ಹಿಂಡಿ ನೋಡಿ. ರಕ್ತ ನಿಲ್ಲಬೇಕು ಅಂದ್ರೆ ಒಡೆದ ರಕ್ತನಾಳದ ಬಾಯಿ ಮೇಲೆ ಒತ್ತಡ ಬೀಳಬೇಕು, ಆ ಬಾಯಿ ಇರೋದು ಗಾಯದ ತಳದಲ್ಲಿ, ಚರ್ಮದ ಮೇಲಲ್ಲ. ಗಿಡಕ್ಕೆ ನೀರು ಬಿಡೋ ಪೈಪು ತೂತಾದಾಗ ಏನು ಮಾಡ್ತೀರಾ, ತೂತಿನ ಮೇಲೆ ಹೆಬ್ಬೆರಳು ಇಟ್ಟು ಒತ್ತೀರಾ ತಾನೇ? ಪೈಪಿನ ಸುತ್ತ ಹತ್ತಿ ಸುತ್ತಿ "ನೆಲ ಒದ್ದೆ ಆಗ್ತಿಲ್ಲ, ನಿಂತುಹೋಯ್ತು" ಅಂತ ಯಾರೂ ಅನ್ನಲ್ಲ. ಕಾಲಿನ ವಿಷಯಕ್ಕೆ ಬಂದ್ರೆ ಮಾತ್ರ ಎಲ್ರೂ ಅಂತಾರೆ.

ಚೈನ್‌ಸಾ ಗಾಯದಲ್ಲಿ ಇದು ಇನ್ನೂ ಮುಖ್ಯ. ಚಾಕು ಗೆರೆ ಎಳೆಯುತ್ತೆ, ಚೈನು ಕಾಲುವೆ ತೋಡುತ್ತೆ. ಒಂದೊಂದು ಹಲ್ಲೂ ಮಾಂಸ ಕಿತ್ಕೊಂಡು ಹೋಗುತ್ತೆ, ಅರ್ಧ ಸೆಂಟಿಮೀಟರ್‌ಗಿಂತ ಹೆಚ್ಚು ಅಗಲದ ಜಾಗ ಖಾಲಿ ಮಾಡಿ, ಅದರೊಳಕ್ಕೆ ಮರದ ಪುಡಿ, ಆಯಿಲ್, ಪ್ಯಾಂಟಿನ ನೂಲು ತುರುಕಿರುತ್ತೆ. ಅಂಚು ಹರಿದಿರುತ್ತೆ, ಎರಡು ಕಡೆಯಿಂದ ಕೂಡಿಸಿ ಹಿಡಿಯೋಕೂ ಆಗಲ್ಲ. ಹಾಗಾಗಿ ಮೇಲೆ ಮುಚ್ಚೋದು ಬಿಟ್ಟು ಆ ಕಾಲುವೆಯನ್ನ ತಳದಿಂದ ತುಂಬ್ಕೊಂಡು ಬರಬೇಕು. ಅದಕ್ಕೇ ಗಾಜ್, ಅಂದ್ರೆ ಗಾಯಕ್ಕೆ ಹಾಕೋ ತೆಳು ಜಾಳು ಬಟ್ಟೆಯ ಉದ್ದ ರೋಲ್ ಬೇಕಾಗೋದು. ರಕ್ತ ಎಲ್ಲಿಂದ ಬರ್ತಿದೆಯೋ ಅಲ್ಲಿಗೆ ಗಾಜ್‌ನ ತುದಿಯನ್ನ ಬೆರಳಲ್ಲಿ ಒತ್ತಿ, ಬೆರಳು ತೆಗೆಯದೆ ಇನ್ನೊಂದು ಬೆರಳಲ್ಲಿ ಮುಂದಿನ ಮಡಿಕೆ, ಅದರ ಮೇಲೆ ಇನ್ನೊಂದು, ಹೀಗೆ ಇನ್ನು ಹಿಡಿಸಲ್ಲ ಅನ್ನೋವರೆಗೆ. ಒಂದು ರೋಲ್ ನಾಲ್ಕು ಮೀಟರ್ ಹತ್ತಿರ ಇರುತ್ತೆ, ತೊಡೆಯ ಗಾಯ ಅದನ್ನ ನುಂಗಿ ಇನ್ನೊಂದು ಕೇಳಬಹುದು. ಆಮೇಲೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು, ಮೊಣಕೈ ನೆಟ್ಟಗೆ ಮಾಡಿ, ಮೈಭಾರ ಬಿಟ್ಟು ಒತ್ತಬೇಕು. ಸಾದಾ ಗಾಜ್ ಆದ್ರೆ ಗಡಿಯಾರ ನೋಡ್ಕೊಂಡು ಕನಿಷ್ಠ 10 ನಿಮಿಷ, ರಕ್ತ ಹೆಪ್ಪುಗಟ್ಟಿಸೋ ಮದ್ದು ಹಾಕಿರೋ ಹೀಮೋಸ್ಟಾಟಿಕ್ ಗಾಜ್ ಆದ್ರೆ ಅದರ ಕವರ್ ಮೇಲೆ ಬರೆದಷ್ಟು, ಸಾಮಾನ್ಯವಾಗಿ 3 ನಿಮಿಷ. ಕೆಯೋಲಿನ್ ಅಥವಾ ಕೈಟೊಸಾನ್ ಇರೋ ಈ ಗಾಜ್ ಒಳ್ಳೇದೇ, ಆದ್ರೆ ಒತ್ತದೆ ಸುಮ್ನೆ ಇಟ್ರೆ ಅದೂ ದುಬಾರಿ ಹತ್ತಿನೇ.

ಮಧ್ಯೆ ಎತ್ತಿ ನೋಡಬಾರದು. ನೋಡ್ತೀರಾ, ನನಗೆ ಗೊತ್ತು, ಎಲ್ರೂ ನೋಡ್ತಾರೆ. ಒಂದ್ಸಲ ಎತ್ತಿದ್ರೆ ಅಷ್ಟೊತ್ತು ಕಟ್ಟಿದ ಹೆಪ್ಪು ಕಿತ್ತು ಬರುತ್ತೆ, ಲೆಕ್ಕ ಮತ್ತೆ ಒಂದರಿಂದ ಶುರು.

ಈ ವಿಷಯದಲ್ಲಿ ನಾನು ನೋಡಿದ ಬೆಸ್ಟ್ ಫಸ್ಟ್ ಏಡ್ ಒಬ್ಬ ಹೆಂಗಸಿನದು. ಗಂಡನ ತೊಡೆ ಕೊಯ್ದಿತ್ತು, ಆಕೆಗೆ ಸಿಕ್ಕಿದ್ದು ಒಂದು ಹಳೇ ಕಾಟನ್ ಬಟ್ಟೆ ಅಷ್ಟೇ. ಅದನ್ನೇ ಗಾಯದೊಳಕ್ಕೆ ತುರುಕಿ ಮೇಲೆ ತನ್ನ ಮಂಡಿ ಊರಿ ಕೂತುಬಿಟ್ಟಿದ್ರು. ಗಾಡಿಯಲ್ಲೂ ಹಾಗೇ, ಸ್ಟ್ರೆಚರ್ ಮೇಲೆ ಹತ್ತಿಸೋವಾಗಲೂ ಹಾಗೇ, ದಾರಿಯುದ್ದಕ್ಕೂ ಗಂಡನನ್ನ ಬೈತಾನೇ ಬಂದಿದ್ರು. ನಮ್ಮ ನರ್ಸ್ "ಅಮ್ಮಾ ಇನ್ನು ಬಿಡಿ" ಅಂದ್ರೆ "ಡಾಕ್ಟ್ರು ಕೈ ಇಡಲಿ, ಆಮೇಲೆ ಬಿಡ್ತೀನಿ" ಅಂದ್ರು. ನಾನು ಕೈ ಇಟ್ಟ ಮೇಲೇ ಬಿಟ್ಟಿದ್ದು. ಆ ಬಟ್ಟೆ ಕ್ಲೀನ್ ಇರ್ಲಿಲ್ಲ, ಆಮೇಲೆ ಆಪರೇಷನ್ ಥಿಯೇಟರ್‌ನಲ್ಲಿ ಗಾಯ ತೊಳೆದು ತೊಳೆದು ಸಾಕಾಯ್ತು. ಆಗಲಿ, ತೊಳೆಯೋದು ನಮ್ಮ ಕೆಲಸ. ಇನ್‌ಫೆಕ್ಷನ್ ಆಗೋಕೆ ದಿನಗಳು ಬೇಕು, ದೊಡ್ಡ ರಕ್ತನಾಳ ಹರಿದ್ರೆ ನಿಮ್ಮ ಹತ್ರ ಇರೋದು ಕೆಲವೇ ನಿಮಿಷ. ಅದರಲ್ಲಿ ಎರಡು ನಿಮಿಷ ಆ್ಯಂಟಿಸೆಪ್ಟಿಕ್ ಬಾಟ್ಲಿ ಮುಚ್ಚಳ ತೆಗೆಯೋಕೆ ಖರ್ಚು ಮಾಡಬೇಡಿ.

ಇನ್ನು ಕಟ್ಟೋ ವಿಷಯ. ಗಾಯದ ಮೇಲ್ಗಡೆ ಹಗ್ಗನೋ ಬೆಲ್ಟೋ ಬಿಗಿದು ಬರೋರು ಬಹಳ ಜನ, ಅದರಲ್ಲಿ ಹೆಚ್ಚಿನವು ಅರ್ಧ ಬಿಗಿ. ಇದು ಕಟ್ಟದೇ ಇರೋದಕ್ಕಿಂತ ಕೆಟ್ಟದ್ದು. ರಕ್ತ ವಾಪಸ್ ಒಯ್ಯೋ ನಾಳಗಳಲ್ಲಿ ಒತ್ತಡ ಕಮ್ಮಿ, ಅವು ಬೇಗ ಮುಚ್ಚಿಹೋಗ್ತವೆ, ಆದ್ರೆ ಒಳಗಿಂದ ರಕ್ತ ತರೋ ಆರ್ಟರಿ ಮುಚ್ಚಿರಲ್ಲ. ಒಳಗೆ ಬಂದಿದ್ದು ವಾಪಸ್ ಹೋಗೋಕೆ ದಾರಿ ಇಲ್ಲದೆ ಗಾಯದಿಂದಲೇ ಹೊರಗೆ ಬರುತ್ತೆ. ಕೈಕಾಲಿಂದ ರಕ್ತ ಚಿಮ್ತಾ ಇದ್ರೆ ಅಥವಾ ಒತ್ತಿದ್ರೂ ನಿಲ್ತಿಲ್ಲ ಅಂದ್ರೆ ತಿರುಚೋ ಕಡ್ಡಿ ಇರೋ ಸರಿಯಾದ ಟೂರ್ನಿಕೆಟ್ಟೇ ಬೇಕು, ಅಂದ್ರೆ ಕೈಕಾಲಿಗೆ ಬಿಗಿದು ರಕ್ತ ತಡೆಯೋ ಪಟ್ಟಿ, ಸುಮಾರು 4 ಸೆಂಟಿಮೀಟರ್ ಅಗಲದ್ದು. ಗಾಯಕ್ಕಿಂತ 5ರಿಂದ 7 ಸೆಂಟಿಮೀಟರ್ ಮೇಲೆ, ಕೀಲಿನ ಮೇಲೆ ಬೇಡ, ಜೇಬಲ್ಲಿ ಫೋನ್ ಇದ್ರೆ ಮೊದಲು ತೆಗೀರಿ, ರಕ್ತ ನಿಲ್ಲೋವರೆಗೂ ತಿರುಚಿ. ಗಾಯ ಆದವರು ಕೂಗ್ತಾರೆ, ಸರಿಯಾಗಿ ಹಾಕಿದ್ರೆ ಅದು ವಿಪರೀತ ನೋವು ಕೊಡುತ್ತೆ, ಅವರು ಕೂಗಿದ್ರು ಅಂತ ಸಡಿಲ ಮಾಡಬೇಡಿ. ಒಂದು ಸಾಲದಿದ್ರೆ ಅದರ ಮೇಲ್ಗಡೆ ಇನ್ನೊಂದು. ಹಾಕಿದ ಟೈಮನ್ನ ಮಾರ್ಕರ್ ಪೆನ್ನಲ್ಲಿ ಬರೀರಿ.

"ಕಾಲೇ ಕತ್ತರಿಸಬೇಕಾಗುತ್ತಂತಲ್ಲ ಡಾಕ್ಟ್ರೇ" ಅನ್ನೋ ಭಯ ಎಲ್ರಿಗೂ ಇದೆ. ಮಂಡಿ ಆಪರೇಷನ್ ಮಾಡೋವಾಗ ನಾವೇ ತೊಡೆಗೆ ಗಾಳಿ ತುಂಬೋ ಟೂರ್ನಿಕೆಟ್ ಕಟ್ಟಿ ಗಂಟೆ, ಒಂದೂವರೆ ಗಂಟೆ ರಕ್ತ ನಿಲ್ಲಿಸಿರ್ತೀವಿ, ಪೇಷಂಟು ಆಮೇಲೆ ನಡ್ಕೊಂಡು ಮನೆಗೆ ಹೋಗ್ತಾರೆ. ಸಾಮಾನ್ಯವಾಗಿ 2 ಗಂಟೆಯೊಳಗೆ ಆಸ್ಪತ್ರೆ ಸೇರಿದ್ರೆ ಟೂರ್ನಿಕೆಟ್‌ನಿಂದಲೇ ಕಾಲು ಹೋಗೋದು ಅಪರೂಪ. ಸಾಮಾನ್ಯವಾಗಿ ಅಂದೆ, ಗ್ಯಾರಂಟಿ ಕೊಡ್ತಿಲ್ಲ. ಇನ್ನು ಕೆಲವರು ಕಾಲು ಉಳಿಸೋಕೆ ಅಂತ ಹದಿನೈದು ನಿಮಿಷಕ್ಕೊಂದ್ಸಲ ಬಿಚ್ಚಿ ಕಟ್ತಾರೆ, ಅದು ಹಳೇ ಕಾಲದ ಪಾಠ, ಹಾಗೆ ಮಾಡಿದ್ರೆ ಪ್ರತಿ ಸಲವೂ ಒಂದಿಷ್ಟು ರಕ್ತ ಹೋಗುತ್ತೆ ಅಷ್ಟೇ. ಹಾಕಿದ ಮೇಲೆ ಬಿಚ್ಚೋದು ಆಸ್ಪತ್ರೆಯವರ ಕೆಲಸ. ತೊಡೆಸಂದು, ಕಂಕುಳು, ಹೆಗಲಿಗೆ ಟೂರ್ನಿಕೆಟ್ ಕೂರಲ್ಲ, ಅಲ್ಲಿ ಗಾಜ್ ತುಂಬಿ ಒತ್ತೋದೇ ದಾರಿ. ಕುತ್ತಿಗೆಗೆ ಸುತ್ತ ಏನೂ ಕಟ್ಟಬೇಡಿ, ಒತ್ತಿ ಹಿಡೀರಿ. ಎದೆ, ಹೊಟ್ಟೆಯ ಗಾಯದೊಳಕ್ಕೆ ಏನನ್ನೂ ತುರುಕಬೇಡಿ.

ಹಾಗಾದ್ರೆ ಡಬ್ಬದಲ್ಲಿ ಏನಿರಬೇಕು? ಮೊದಲನೇದಾಗಿ ಡಬ್ಬನೇ ಬೇಡ, ಸೊಂಟಕ್ಕೆ ಕಟ್ಟೋ ಒಂದು ಚೀಲ ಸಾಕು. ಎರಡು ಟೂರ್ನಿಕೆಟ್, ಎರಡು ಮೂರು ಗಾಜ್ ರೋಲ್, ಸಾಧ್ಯ ಆದ್ರೆ ಒಂದು ಹೀಮೋಸ್ಟಾಟಿಕ್ ಗಾಜ್, ಗಾಯದ ಮೇಲೆ ಒತ್ತಿ ಕಟ್ಟೋ ಒಂದು ಪ್ರೆಶರ್ ಬ್ಯಾಂಡೇಜ್, ಗ್ಲೌಸ್, ಮಾರ್ಕರ್, ಪ್ಯಾಂಟ್ ಸೀಳೋ ಮೊಂಡುತುದಿಯ ಗಟ್ಟಿ ಕತ್ತರಿ, ಮೈ ಬೆಚ್ಚಗಿಡೋ ಫಾಯಿಲ್ ಹೊದಿಕೆ. ಹೊದಿಕೆ ಯಾಕೆ ಅಂದ್ರೆ ಮೈ ತಣ್ಣಗಾದ್ರೆ ರಕ್ತ ಹೆಪ್ಪುಗಟ್ಟೋದೂ ನಿಧಾನ ಆಗುತ್ತೆ. ಟೂರ್ನಿಕೆಟ್‌ನಲ್ಲಿ ನಕಲಿ ಮಾಲು ಬಹಳ, ತಿರುಚುವಾಗ ಕಡ್ಡಿ ಬಾಗುತ್ತೆ ಇಲ್ಲಾ ಮುರಿಯುತ್ತೆ, ಅಗ್ಗಕ್ಕೆ ಸಿಕ್ತು ಅಂತ ತಗೋಬೇಡಿ. ಪ್ರಾಕ್ಟೀಸ್‌ಗೆ ಬೇರೆಯದೇ ಒಂದಿರಲಿ, ಗೊಂಬೆ ಇಟ್ಟು ಕಲಿಸೋ ತರಬೇತಿ ಎಲ್ಲಾದ್ರೂ ಸಿಕ್ರೆ ಹೋಗಿ ಬನ್ನಿ, ನನ್ನ ಅಂಕಣ ಓದಿದ್ದು ಅದಕ್ಕೆ ಸಮ ಅಲ್ಲ. ಟೆಟನಸ್ ಇಂಜೆಕ್ಷನ್ ಆಗಿ 5 ವರ್ಷ ದಾಟಿದ್ರೆ ಇಂಥ ಕೊಳೆ ಗಾಯಕ್ಕೆ ಮತ್ತೆ ಬೇಕಾಗುತ್ತೆ, ಕೊನೇ ಸಲ ಯಾವಾಗ ತಗೊಂಡಿದ್ದು ಅಂತ ನೆನಪಿಟ್ಕೊಳ್ಳಿ. ರಕ್ತ ತೆಳು ಮಾಡೋ ಮಾತ್ರೆ ತಗೋತಿದ್ರೆ ಬಂದ ಕೂಡಲೇ ಹೇಳಿ.

ಚೀಲ ಮೈಮೇಲೇ ಇರಲಿ, ಎರಡೂ ಕೈಗೆ ಎಟುಕೋ ಕಡೆ. ಗಾಡಿಯ ಸೀಟಿನ ಕೆಳಗಿಟ್ರೆ ನೀವು ಮರದ ಹತ್ರ, ಅದು ರಸ್ತೆ ಹತ್ರ. ಒಬ್ರೇ ಕೆಲಸ ಮಾಡೋದು ಬೇಡ ಅಂತ ಹೇಳಬೇಕು, ಹೇಳಿದೀನಿ, ಯಾರೂ ಕೇಳಲ್ಲ ಅಂತಾನೂ ಗೊತ್ತು. ಹಾಗಾಗಿ ಟೂರ್ನಿಕೆಟ್ ಒಂದೇ ಕೈಯಲ್ಲಿ ಹಾಕೋದನ್ನ, ಅದೂ ಎಡಗೈಯಲ್ಲೂ, ಮನೆಯಲ್ಲಿ ಕೂತು ಕಲೀರಿ.

ಮೊನ್ನೆ ನನ್ನ ಹಳೇ ಪೇಷಂಟ್ ಒಬ್ರು ಹೊಸ ಚೀಲ ಸೊಂಟಕ್ಕೆ ಕಟ್ಕೊಂಡು ತೋರಿಸೋಕೇ ಬಂದಿದ್ರು, ಹೇಳಿದ್ದೆಲ್ಲ ಇತ್ತು, ನನಗೂ ಖುಷಿಯಾಯ್ತು. ಟೂರ್ನಿಕೆಟ್ ಮಾತ್ರ ಕಂಪನಿಯ ಪ್ಲಾಸ್ಟಿಕ್ ಕವರ್‌ನಲ್ಲೇ ಇತ್ತು. "ಗಾಜ್ ಸೀಲ್ ಆಗಿರಬೇಕು ಸರಿ, ಇದಕ್ಕೆ ಯಾಕೆ ಕವರ್?" ಅಂದೆ. "ಕೊಳೆ ಆಗಬಾರದು ಅಂತ ಡಾಕ್ಟ್ರೇ." ಮೇಜಿನ ಮೇಲೆ ಸ್ಕ್ಯಾನಿಂಗ್‌ಗೆ ಹಚ್ಚೋ ಜೆಲ್ ಇತ್ತು, ಅವರ ಎರಡೂ ಅಂಗೈಗೆ ಚೆನ್ನಾಗಿ ಬಳಿದು "ಈಗ ಬಿಚ್ಚಿ" ಅಂತ ಗಡಿಯಾರ ನೋಡ್ತಾ ಕೂತೆ. ಜಾರ್ತು, ಮತ್ತೆ ಜಾರ್ತು, ಅಂಗಿಗೆ ಕೈ ಒರೆಸಿದ್ರು, ಕೊನೆಗೆ ಹಲ್ಲಲ್ಲಿ ಕಚ್ಚಿ ಹರಿದ್ರು. ಎರಡು ನಿಮಿಷ ಇಪ್ಪತ್ತು ಸೆಕೆಂಡ್. ಆ ಕವರ್ ಇಸ್ಕೊಂಡು ನಾನೇ ಕಸದ ಬುಟ್ಟಿಗೆ ಹಾಕಿದೆ.