ಕೀಮನ್ ಕೈಯಲ್ಲಿ ಸುತ್ತಿಗೆ ಇದೆ: ಏಣಿಯೋ, ಮೆಟ್ಟಿಲೋ?

ಹಳಿ ಕೆಲಸದವರು ಹತ್ತಿಳಿಯುವ ಜಾಗಗಳ ವಿನ್ಯಾಸ ಓದುವಾಗ ಮೊದಮೊದಲು ನಾನು ಎತ್ತರ, ಭಾರ ಇಷ್ಟನ್ನೇ ಬರೆದುಕೊಳ್ಳುತ್ತಿದ್ದೆ. ಒಂದು ಬೆಳಿಗ್ಗೆ ತುಮಕೂರಿನ ಕ್ಯಾತ್ಸಂದ್ರದ ಹತ್ತಿರ ಕೀಮನ್ (ಹಳಿಯುದ್ದಕ್ಕೂ ನಡೆದು ಅದನ್ನು ನೋಡಿಕೊಳ್ಳುವ ರೈಲ್ವೆ ಕೆಲಸಗಾರ) ಒಬ್ಬರು ಹಳಿಯ ಏರಿಯಿಂದ ಇಳಿಯುತ್ತಿದ್ದರು. ಒಂದು ಕೈಲಿ ಸುತ್ತಿಗೆ, ಇನ್ನೊಂದರಲ್ಲಿ ಉದ್ದದ ಸ್ಪ್ಯಾನರ್, ಹೆಗಲಿಗೆ ಚೀಲ. ಹುಲ್ಲು ಸವೆದ ಕಾಲುದಾರಿಯಲ್ಲಿ ಅಡ್ಡಡ್ಡ ಹೆಜ್ಜೆ ಇಡುತ್ತಾ, ಜಾರುತ್ತಾ ಬಂದರು. ಅವತ್ತಿನಿಂದ ನನ್ನ ಮೊದಲ ಪ್ರಶ್ನೆ ಒಂದೇ: ಹತ್ತುವವರ ಕೈ ಖಾಲಿ ಇದೆಯಾ?

ನೇರ ಏಣಿಯಲ್ಲಿ ಎರಡು ಕೈ, ಎರಡು ಕಾಲುಗಳಲ್ಲಿ ಯಾವಾಗಲೂ ಮೂರು ಊರಿರಬೇಕು. ಸುತ್ತಿಗೆ ಹಿಡಿದವರಿಗೆ ಅದು ಆಗದ ಮಾತು. ಯಂತ್ರಗಳಿಗೆ ಹತ್ತಿಳಿಯುವ ವ್ಯವಸ್ಥೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 14122 ಪ್ರಕಾರ ಓರೆ ನೆಲದಿಂದ 75 ಡಿಗ್ರಿ ದಾಟಿದರೆ ಏಣಿ, 45ರ ಒಳಗೆ ಮೆಟ್ಟಿಲು. ಮೆಟ್ಟಿಲಿಗೆ ಸೂತ್ರ: ಅಗಲ (ಒಂದು ಮೆಟ್ಟಿಲಿಗೆ ಮುಂದೆ ಸಾಗುವ ದೂರ) + ಎತ್ತರದ ಎರಡರಷ್ಟು = 600ರಿಂದ 660 ಮಿ.ಮೀ. ನಮ್ಮ ರೈಲ್ವೆ ಏರಿಯ ಇಳಿಜಾರು ಸಾಮಾನ್ಯವಾಗಿ 2:1, ಅಂದರೆ ಅಗಲವೇ ಎತ್ತರದ ಎರಡರಷ್ಟು. ಎತ್ತರ 150, ಅಗಲ 300 ಇಟ್ಟರೆ ಮೊತ್ತ ಸರಿಯಾಗಿ 600! 3 ಮೀಟರ್ ಏರಿಗೆ 20 ಮೆಟ್ಟಿಲು, ನೆಲದಲ್ಲಿ 6 ಮೀಟರ್ ಜಾಗ. ಇಳಿಜಾರನ್ನು ಕಡಿಯುವುದೂ ಬೇಡ, ಏಣಿಯೂ ಬೇಡ. ಈ ಲೆಕ್ಕ ಬಂದಾಗ ನನಗೆ ನಿಜಕ್ಕೂ ಖುಷಿಯಾಯಿತು.

ಸೇತುವೆ ಪಕ್ಕದ ನಡೆದಾರಿಗೆ ಕಂಬಿ ಕನಿಷ್ಠ 1100 ಮಿ.ಮೀ. ಎತ್ತರ, ನಡುವೆ ಇನ್ನೊಂದು ಅಡ್ಡಕಂಬಿ. ಅಂಚಿನ ತಳದಲ್ಲಿ 100 ಮಿ.ಮೀ. ಪಟ್ಟಿಯನ್ನು ಮರೆಯಬೇಡಿ, ಕಾಲಿಗೆ ತಗುಲಿದ ಜಲ್ಲಿ ಕೆಳಗೆ ಹೋಗುವ ಸ್ಕೂಟರ್‌ನವರ ತಲೆಗೆ ಬೀಳದಿರಲು ಅದೇ ಗತಿ. ಜಾಲರಿ ನೆಲದಲ್ಲಿ ಮಳೆನೀರು ನಿಲ್ಲುವುದಿಲ್ಲ ನಿಜ, ಆದರೆ ನಟ್ಟು ತೂರಿಹೋಗುತ್ತದೆ. ಕೆಳಗೆ ರಸ್ತೆ ಇದ್ದರೆ ಜಾಲರಿಯ ಕಣ್ಣು ಸಣ್ಣದಿರಲಿ.

ಹಳಿಯ ಮೇಲಿನ ವಿದ್ಯುತ್ ತಂತಿಯಲ್ಲಿ 25 ಕಿಲೋವೋಲ್ಟ್ ಇರುತ್ತದೆ. ಕರೆಂಟ್ ತೆಗೆಸದೆ 2 ಮೀಟರ್ ಒಳಗೆ ಹೋಗುವಂತಿಲ್ಲ. ಇಲ್ಲೂ ಕೈಯ ಪ್ರಶ್ನೆಯೇ: ಅಟ್ಟದ ಮೇಲೆ ನಿಂತವರ ತಲೆಯಿಂದಲ್ಲ, ಅವರು ಎತ್ತಿದ ಹಾರೆಯ ತುದಿಯಿಂದ ಅಳೆಯಿರಿ. ಕಬ್ಬಿಣದ ಕಂಬಿಗೆ ಅರ್ಥಿಂಗ್ ಕಡ್ಡಾಯ.

ಏಣಿ ಇಡಲೇಬೇಕಾದ ಕಡೆ ಅದರ ತಲೆಗೆ ತಾನೇ ಮುಚ್ಚಿಕೊಳ್ಳುವ, ಒಳಮುಖವಾಗಿ ತೆರೆಯುವ ಗೇಟು ಬೇಕು. ಸರಪಳಿ ಹಾಕಿದರೆ ಸಾಲದೇ ಅಂತ ಕೇಳುತ್ತಾರೆ. ಕೈ ತುಂಬ ಸಾಮಾನಿದ್ದವರು ಅದನ್ನು ಮತ್ತೆ ಕೊಂಡಿಗೆ ಸಿಕ್ಕಿಸುವುದಿಲ್ಲ. ಎರಡನೇ ದಿನಕ್ಕೇ ಪಕ್ಕದಲ್ಲಿ ನೇತಾಡುತ್ತಿರುತ್ತದೆ.