ರೆಕ್ಕೆ ಹುಟ್ಟುವುದು ಎಲ್ಲಿಂದ? ಡಿಜಿಟಲ್ ಜೀವಿ ಕೆತ್ತನೆಯ ಟಿಪ್ಪಣಿ

ನಾಲ್ಕು ಕಾಲು, ಎರಡು ರೆಕ್ಕೆ. ಫ್ಯಾಂಟಸಿ ಜೀವಿ ಮಾಡಲು ಕೂತವರು ಹೆಚ್ಚಾಗಿ ಮೊದಲು ಕೈ ಹಾಕುವುದು ಇದಕ್ಕೇ. ನಾನೂ ಅಷ್ಟೇ. ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ಎರಡು ವಾರ ಕೂತು ಮೈತುಂಬ ಹುರುಪೆ ಕೆತ್ತಿದೆ. ಆಮೇಲೆ ತಿರುಗಿಸಿ ನೋಡಿದರೆ ರೆಕ್ಕೆ ಬೆನ್ನಿಗೆ ಅಂಟಿಸಿದ ಹಾಗಿತ್ತು. ಶಾಲೆಯ ನಾಟಕದಲ್ಲಿ ಮಕ್ಕಳಿಗೆ ರಟ್ಟಿನ ರೆಕ್ಕೆ ಕಟ್ಟುತ್ತಾರಲ್ವಾ, ಥೇಟ್ ಹಾಗೆ. ಹುರುಪೆ ಚೆನ್ನಾಗಿಯೇ ಬಂದಿತ್ತು. ಕೆಟ್ಟಿದ್ದು ಹೆಗಲು.

ಬೆನ್ನುಮೂಳೆ ಇರುವ ನೆಲದ ಪ್ರಾಣಿಗಳಿಗೆ ಇರುವುದು ಹೆಚ್ಚೆಂದರೆ ನಾಲ್ಕೇ ಕೈಕಾಲು. ಹಕ್ಕಿಗೆ ರೆಕ್ಕೆ ಬೇರೆಯಾಗಿ ಬಂದದ್ದಲ್ಲ, ಮುಂಗಾಲೇ ರೆಕ್ಕೆಯಾಯಿತು. ಬಾವಲಿಯ ರೆಕ್ಕೆ ನೋಡಿ: ನಾಲ್ಕು ಬೆರಳು ಕೊಡೆಯ ಕಡ್ಡಿಗಳಂತೆ ಉದ್ದವಾಗಿ, ನಡುವೆ ಚರ್ಮ ಹರಡಿಕೊಂಡಿದೆ. ಹೆಬ್ಬೆರಳು ಮಾತ್ರ ಕೊಕ್ಕೆಯಂತೆ ಹೊರಗೆ ಉಳಿದಿದೆ. ಡೈನೋಸಾರ್‌ಗಳ ಕಾಲದ ಹಾರುವ ಸರೀಸೃಪ ಟೆರೋಸಾರ್‌ನಲ್ಲಿ ನಾಲ್ಕನೆಯ ಬೆರಳೊಂದೇ ರೆಕ್ಕೆಯ ಹೊರ ಅಂಚನ್ನು ಹಿಡಿದಿತ್ತು. ಅವುಗಳಲ್ಲೇ ಅತಿ ದೊಡ್ಡವುಗಳಲ್ಲಿ ಒಂದಾದ ಕ್ವೆಟ್ಜಲ್‌ಕೋಟ್ಲಸ್‌ನ ರೆಕ್ಕೆಗಳ ಹರವು ಸುಮಾರು 10 ಮೀಟರ್. ಇದ್ದ ಕೈಯನ್ನೇ ಮೂರೂ ಮೂರು ರೀತಿ ಬಳಸಿಕೊಂಡಿವೆ.

ನಿಮ್ಮ ಜೀವಿಗೆ ಆರು ಅವಯವ ಬೇಕೇ ಬೇಕು ಅಂದರೆ ಕೊಡಿ, ತಪ್ಪೇನಿಲ್ಲ. ಆದರೆ ಇನ್ನೊಂದು ಜೊತೆ ಹೆಗಲನ್ನೂ ಕೊಡಬೇಕು. ಹೆಗಲೆಲುಬು, ಅದನ್ನು ಎಳೆಯುವ ಸ್ನಾಯು, ಆ ಸ್ನಾಯುವಿಗೆ ಜಾಗ.

ಈ ಪಾಠ ನನಗೆ ಸಿಕ್ಕಿದ್ದು ಅಡುಗೆಮನೆಯಲ್ಲಿ. ಕೋಳಿಯ ಎದೆಯ ನಡುವೆ ದೋಣಿಯ ತಳದಂಥ ಎಲುಬಿರುತ್ತದೆ. ಅದರ ಎರಡೂ ಬದಿಗೆ ಇರುವ ದಪ್ಪ ಮಾಂಸವೇ ರೆಕ್ಕೆಯನ್ನು ಕೆಳಕ್ಕೆ ಬಡಿಯುವ ಸ್ನಾಯು. ಅದರಡಿಯಲ್ಲಿ ಉದ್ದನೆಯ ಸಣ್ಣ ತುಂಡೊಂದು ಬಿಡಿಸಿದರೆ ಬರುತ್ತದಲ್ಲ, ಅದು ರೆಕ್ಕೆಯನ್ನು ಮೇಲೆತ್ತುವುದು. ಎದೆಯಲ್ಲಿದ್ದುಕೊಂಡು ಮೇಲೆತ್ತುವುದು ಹೇಗೆ? ಅದರ ನರದಂಥ ತುದಿ ಹೆಗಲಿನ ಸಂದಿಯಲ್ಲಿ ತೂರಿ, ಬಾವಿಯ ರಾಟೆ ಮೇಲಿನ ಹಗ್ಗದಂತೆ ತಿರುಗಿ ತೋಳಿನ ಮೇಲ್ಭಾಗಕ್ಕೆ ಸೇರುತ್ತದೆ. ಅಂದರೆ ಹಕ್ಕಿಯ ರೆಕ್ಕೆಯ ಬಲವೆಲ್ಲ ಎದೆಯಲ್ಲಿದೆ. ನಾನು ಸುಮ್ನೆ ಬೆನ್ನು ಉಬ್ಬಿಸುತ್ತಾ ಕೂತಿದ್ದೆ!

ಎರಡನೇ ಸಲ ಪಕ್ಕೆಲುಬಿನ ಗೂಡನ್ನು ಹಿಂದಕ್ಕೆ ಎಳೆದು ಉದ್ದ ಮಾಡಿದೆ, ಎದೆ ಆಳ ಮಾಡಿದೆ. ಮುಂಗಾಲಿನ ಹೆಗಲೆಲುಬಿನ ಹಿಂದೆ, ಸ್ವಲ್ಪ ಮೇಲೆ, ರೆಕ್ಕೆಯ ಹೆಗಲೆಲುಬು ಇಟ್ಟೆ. ಒಂದೂ ಹುರುಪೆ ಇಲ್ಲದೆಯೇ ಜೀವಿ ಹಾರಬಲ್ಲದು ಅನ್ನಿಸಿತು.

ತೂಕದ ಲೆಕ್ಕ ಚಿಕ್ಕದು, ಆದರೆ ಮರೆಯಬಾರದು. ಪ್ರಾಣಿಯನ್ನು ಎಲ್ಲ ದಿಕ್ಕಿಗೂ ಎರಡು ಪಟ್ಟು ಮಾಡಿದರೆ ತೂಕ ಎಂಟು ಪಟ್ಟಾಗುತ್ತದೆ, ಕಾಲಿನ ಎಲುಬಿನ ಅಡ್ಡಕೊಯ್ತ ನಾಲ್ಕೇ ಪಟ್ಟು. ಆನೆಯ ಕಾಲು ಕಂಬದಂತಿರುವುದು ಇದಕ್ಕೇ. ಆನೆ ಗಾತ್ರದ ಮೈಗೆ ಜಿಂಕೆ ಕಾಲು ಇಟ್ಟರೆ ಕಣ್ಣು ಒಪ್ಪುವುದಿಲ್ಲ. ಬೇರೆ ಗ್ರಹದ ಜೀವಿಯಾದರೆ ಆ ಗ್ರಹದ ಸೆಳೆತ ಎಷ್ಟು ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ. ಮಂಗಳದಲ್ಲಿ ಅದು ಭೂಮಿಯ ಸುಮಾರು 38 ಶೇಕಡ. ಅಲ್ಲಿ ಸಣ್ಣ ಕಾಲಿಗೂ ಸಮರ್ಥನೆ ಸಿಗುತ್ತದೆ.

ಇನ್ನು ಸಾಫ್ಟ್‌ವೇರ್. ಗೋಲಗಳನ್ನು ಜೋಡಿಸಿ ಒರಟು ಆಕಾರ ಮಾಡಿ, ಒಂದೇ ಮೆಶ್ (ಜೀವಿಯ ಮೈಯಾಗುವ ಸಣ್ಣ ಚಪ್ಪಟೆ ತುಂಡುಗಳ ಬಲೆ) ಆಗಿ ಸೇರಿಸಿ, ಬ್ಲೆಂಡರ್‌ನ ಸ್ಕಲ್ಪ್ಟ್ ಮೋಡ್‌ನಲ್ಲಿ ಕಂಟ್ರೋಲ್ ಮತ್ತು ಆರ್ ಒತ್ತಿ ರೀಮೆಶ್ ಮಾಡಿ, ಅಂದರೆ ಆ ಬಲೆಯನ್ನು ಹೊಸದಾಗಿ ಸಮನಾಗಿ ಹೆಣೆಯಿಸಿ. ಝೀಬ್ರಶ್ ಎಂಬ ಇನ್ನೊಂದು ಕೆತ್ತನೆ ಸಾಫ್ಟ್‌ವೇರ್‌ನಲ್ಲಿ ಇದೇ ಕೆಲಸಕ್ಕೆ ಡೈನಮೆಶ್ ಇದೆ. ರೀಮೆಶ್ ಮಾಡಿದಾಗಲೆಲ್ಲ ಸಣ್ಣ ಕೆತ್ತನೆ ಅಳಿಸಿಹೋಗುತ್ತದೆ. ಮೊದಲೇ ಹುರುಪೆ ಕೆತ್ತಿದವನಿಗೆ ಹೆಗಲು ಸರಿಸಲು ಧೈರ್ಯ ಬರದೇ ಇದ್ದದ್ದು ಇದಕ್ಕೇ.

ಆಕಾರ ಗಟ್ಟಿಯಾದ ಮೇಲೆ ಸಬ್‌ಡಿವಿಷನ್, ಅಂದರೆ ಮೆಶ್‌ನ ಪ್ರತಿ ತುಂಡನ್ನೂ (ಪಾಲಿಗಾನ್) ನಾಲ್ಕಾಗಿ ಒಡೆಯುವುದು. ಪ್ರತಿ ಹಂತಕ್ಕೂ ಪಾಲಿಗಾನ್ ನಾಲ್ಕು ಪಟ್ಟು: 10,000 ಇದ್ದದ್ದು 40,000, 1.6 ಲಕ್ಷ, 6.4 ಲಕ್ಷ, 25.6 ಲಕ್ಷ. ಐದನೆಯ ಹಂತಕ್ಕೆ ಒಂದು ಕೋಟಿ ದಾಟಿರುತ್ತದೆ. ನನ್ನ ಲ್ಯಾಪ್‌ಟಾಪ್ ಅಷ್ಟೊತ್ತಿಗೆ ಮಿಕ್ಸಿ ಥರ ಕೂಗುತ್ತಿರುತ್ತದೆ. ಕೆಳಗಿನ ಹಂತದಲ್ಲೇ ಗ್ರ್ಯಾಬ್ (ಹಿಡಿದೆಳೆಯುವ) ಮತ್ತು ಕ್ಲೇ ಸ್ಟ್ರಿಪ್ಸ್ (ಮಣ್ಣಿನ ಪಟ್ಟಿಯಂತೆ ಮೆತ್ತುವ) ಬ್ರಶ್‌ಗಳಲ್ಲಿ ಆದಷ್ಟು ಕೆಲಸ ಮುಗಿಸಿ. ಸ್ಮೂತ್ ಬ್ರಶ್ ಜಾಸ್ತಿ ಉಜ್ಜಿದರೆ ಜೀವಿ ಬಳಸಿ ಸವೆದ ಸೋಪಿನಂತಾಗುತ್ತದೆ.

ನಮ್ಮ ಹೊಯ್ಸಳ ದೇವಾಲಯಗಳ ಪಟ್ಟಿಕೆಯಲ್ಲಿರುವ ಮಕರವನ್ನು ಕೆತ್ತಲು ಹೋಗಿ ನಾನು ಮತ್ತೊಂದು ಪಾಠ ಕಲಿತೆ. ಸೊಂಡಿಲಿನಂಥ ಮೂತಿ, ಮೊಸಳೆ ಬಾಯಿ, ಬಳ್ಳಿಯಂತೆ ಸುರುಳಿ ಬಿಚ್ಚಿಕೊಳ್ಳುವ ಬಾಲ. ಗೋಡೆಯ ಮೇಲೆ ಅದು ಅದ್ಭುತ, ಯಾಕೆಂದರೆ ನಾವು ನೋಡುವುದು ಒಂದೇ ಬದಿಯಿಂದ. ಸ್ಕ್ರೀನ್ ಮೇಲೆ ಅದನ್ನೇ ತಿರುಗಿಸಿದಾಗ ಬಾಲ ಸೊಂಟಕ್ಕೆ ಹೇಗೆ ಸೇರಬೇಕು ಅನ್ನುವುದಕ್ಕೆ ಉತ್ತರ ನಾವೇ ಹುಡುಕಬೇಕು. ಮತ್ತೆ ಅದೇ ಕೀಲಿನ ಪ್ರಶ್ನೆ.

ಹುರುಪೆ ಕೊನೆಗೆ. ಓತಿಕ್ಯಾತವನ್ನು ಹತ್ತಿರದಿಂದ ನೋಡಿದರೆ ಮೈತುಂಬ ಒಂದೇ ಅಳತೆಯ ಹುರುಪೆ ಕಾಣುವುದಿಲ್ಲ. ಅದನ್ನು ನೋಡಿದ ಮೇಲೆ ಮಡಚುವ ಕಡೆಯೆಲ್ಲ ಚಿಕ್ಕದು, ಬೆನ್ನ ಮೇಲೆ ದೊಡ್ಡದು ಎಂದು ನಿಯಮ ಇಟ್ಟುಕೊಂಡೆ. ಒಂದೇ ಆಲ್ಫಾವನ್ನು (ಬ್ರಶ್‌ನಿಂದ ಅಚ್ಚೊತ್ತುವ ಚಿತ್ರ) ಎಲ್ಲ ಕಡೆ ಒತ್ತಿದರೆ ಸೀರೆಯ ಪ್ರಿಂಟ್ ಥರ ಕಾಣುತ್ತದೆ.

ಈ ಸಲ ನಾನಿನ್ನೂ ಹುರುಪೆಯ ಹಂತಕ್ಕೆ ಬಂದಿಲ್ಲ. ರೆಕ್ಕೆ ಮಡಚಿದರೆ ಅದರ ಮೊಣಕೈ ಹೋಗಿ ಹಿಂಗಾಲಿನ ತೊಡೆಗೆ ಚುಚ್ಚುತ್ತಿದೆ. ನಿನ್ನೆ ರಾತ್ರಿ ಮತ್ತೆ 10,000 ಪಾಲಿಗಾನ್‌ಗೆ ಇಳಿದು, ಸೊಂಟವನ್ನು ಒಂದು ಗೇಣು ಹಿಂದಕ್ಕೆ ಎಳೆದಿದ್ದೇನೆ.