ಟೊಮೇಟೊ ಕಪ್ಪಾಗೋವರೆಗೂ ಕಾಯ್ಬೇಕು

ಟೆಕ್ಸಸ್‌ಗೆ ಬಂದ ಹೊಸದ್ರಲ್ಲಿ ಟಾಕೊ (ಒಳಗೆ ಪಲ್ಯಾನೋ ಮಾಂಸಾನೋ ಇಟ್ಟು ಮಡಚಿದ ಮೆಕ್ಸಿಕೋ ರೊಟ್ಟಿ) ಮಾಡ್ಬೇಕು ಅಂದ್ರೆ ನಾನು ಸೀದಾ ಅಂಗಡಿಗೆ ಹೋಗಿ ಒಂದು ಬಾಟ್ಲಿ ಸಾಲ್ಸಾ, ಅಂದ್ರೆ ಅದರ ಜೊತೆ ತಿನ್ನೋ ಖಾರದ ಚಟ್ನಿ, ತಂದುಬಿಡ್ತಿದ್ದೆ. ಹುಳಿ ಇರ್ತಿತ್ತು, ಸಿಹಿ ಇರ್ತಿತ್ತು, ಖಾರಾನೂ ಇರ್ತಿತ್ತು, ಆದ್ರೂ ಏನೋ ಸಪ್ಪೆ. ಒಂದಿನ ಪಕ್ಕದ್ಮನೆ ಅಜ್ಜಿ (ಮೆಕ್ಸಿಕೋದ ಪುಎಬ್ಲಾ ಕಡೆಯವ್ರು) ಅಡುಗೆಮನೆಗೆ ಕರೆದು ಕೂರಿಸ್ಕೊಂಡ್ರು. ಒಲೆ ಮೇಲೆ ಕಬ್ಬಿಣದ ಹಂಚು, ಅವ್ರು ಅದನ್ನ ಕೊಮಾಲ್ ಅಂತಾರೆ, ನೋಡಕ್ಕೆ ನಮ್ಮ ರೊಟ್ಟಿ ಹಂಚೇ. ಎಣ್ಣೆ ಒಂದು ಹನೀನೂ ಇಲ್ಲ. ನಾಲ್ಕು ಟೊಮೇಟೊ, ಮೂರು ಹಸಿ ಸೆರಾನೊ ಮೆಣಸಿನಕಾಯಿ, ಸಿಪ್ಪೆ ಸಮೇತ ಎರಡು ಎಸಳು ಬೆಳ್ಳುಳ್ಳಿ, ದಪ್ಪಗೆ ಕೊಯ್ದ ಒಂದು ಬಿಲ್ಲೆ ಈರುಳ್ಳಿ, ಅಷ್ಟನ್ನೂ ಅದರ ಮೇಲೆ ಇಟ್ಬಿಟ್ಟು ಸುಮ್ನೆ ನಿಂತ್ರು. ಐದು ನಿಮಿಷಕ್ಕೆ ಟೊಮೇಟೊ ಸಿಪ್ಪೆ ಬಿರೀತು, ಚುರ್ ಅಂತ ನೀರು ಇಳಿದು ಹಂಚಿನ ಮೇಲೆ ಆರಿಹೋಯ್ತು, ಅಡಿ ಕಪ್ಪಾಗಕ್ಕೆ ಶುರುವಾಯ್ತು. ಸೀದುಹೋಗ್ತಿದೆಯಲ್ಲ ಅಂತ ಇಕ್ಕಳ ತಗೊಂಡ್ರೆ ಅಜ್ಜಿ ಕೈ ಹಿಡ್ಕೊಂಡು "ಇನ್ನೂ ಇಲ್ಲ, ಮಿಹಾ" ಅಂದ್ರು. ಮಿಹಾ ಅಂದ್ರೆ ಮಗಳೇ ಅಂತ.

ಆ "ಇನ್ನೂ ಇಲ್ಲ" ಅನ್ನೋದ್ರಲ್ಲೇ ಸಾಲ್ಸಾದ ಗುಟ್ಟೆಲ್ಲ ಇದೆ ಅನ್ಸುತ್ತೆ ನಂಗೆ. ಯಾವ ಮೆಣಸಿನಕಾಯಿ, ಎಷ್ಟು ಟೊಮೇಟೊ ಅನ್ನೋದಕ್ಕಿಂತ ಅದಕ್ಕೆ ಬೆಂಕಿ ಎಷ್ಟು ತೋರಿಸಿದ್ರಿ, ಆಮೇಲೆ ಹೇಗೆ ಅರೆದ್ರಿ ಅನ್ನೋದೇ ದೊಡ್ಡದು. ಇದೇ ನಾಲ್ಕು ಸಾಮಾನನ್ನ ಹಸಿಯಾಗಿ ಹೆಚ್ಚಿ ಉಪ್ಪು ನಿಂಬೆಹಣ್ಣು ಹಾಕಿದ್ರೆ ಪೀಕೊ ದೆ ಗಾಯೊ, ನೀರಲ್ಲಿ ಬೇಯಿಸಿ ಅರೆದ್ರೆ ಇನ್ನೊಂದು ಸಾಲ್ಸಾ, ಹಂಚಿನ ಮೇಲೆ ಸುಟ್ಟು ಅರೆದ್ರೆ ತತೆಮಾದಾ ಅನ್ನೋ ಮತ್ತೊಂದು, ಮೂರಕ್ಕೂ ರುಚಿ ಬೇರೆ ಬೇರೆ.

ಯಾಕೆ ಹೀಗೆ? ಟೊಮೇಟೊ ಅಂದ್ರೆ ಹತ್ತಿರ ಹತ್ತಿರ 95 ಭಾಗ ನೀರು. ನೀರಿರೋ ತನಕ ಅದರೊಳಗಿನ ಬಿಸಿ 100 ಡಿಗ್ರಿ ಸೆಲ್ಸಿಯಸ್ ದಾಟೋದೇ ಇಲ್ಲ, ಎಷ್ಟೇ ಉರಿ ಕೊಟ್ರೂ ಅಷ್ಟೂ ಶಾಖ ನೀರನ್ನ ಆವಿ ಮಾಡಕ್ಕೇ ಖರ್ಚಾಗುತ್ತೆ. ಆದ್ರೆ ಹಂಚಿಗೆ ತಾಗಿರೋ ಸಿಪ್ಪೆ ಇದ್ಯಲ್ಲ, ಅಲ್ಲಿ ನೀರು ಬೇಗ ಆರುತ್ತೆ, ಆರಿದ ತಕ್ಷಣ ಅಷ್ಟು ಜಾಗದ ಬಿಸಿ ಜಿಗಿದು 140 ಡಿಗ್ರಿ ಮೇಲೆ ಹೋಗುತ್ತೆ, ಆಗ ಸಕ್ಕರೆ ಮತ್ತೆ ಅಮೈನೊ ಆಮ್ಲಗಳು (ಪ್ರೋಟೀನಿನ ಚೂರುಗಳು) ಸೇರ್ಕೊಂಡು ನೂರಾರು ಹೊಸ ವಾಸನೆಗಳನ್ನ ಹುಟ್ಟಿಸ್ತವೆ. ಇದನ್ನ ಫ್ರಾನ್ಸಿನ ಲೂಯಿ ಕಾಮಿಲ್ ಮಯಾರ್ 1912ರಲ್ಲಿ ಮೊದಲು ವಿವರಿಸಿದ್ದು, ಅದಕ್ಕೇ ಮಯಾರ್ ಕ್ರಿಯೆ ಅಂತಾರೆ. ದೋಸೆ ತಳದ ಕೆಂಪು, ಹುರಿದ ಕಾಫಿ ಬೀಜದ ಘಮ, ಎಲ್ಲಾ ಇದರದ್ದೇ ಕೆಲಸ. ನೀರಲ್ಲಿ ಬೇಯಿಸಿದ ಟೊಮೇಟೊಗೆ ಈ ಘಮ ಬರಲ್ಲ, ಯಾಕಂದ್ರೆ ಅದು 100 ಡಿಗ್ರಿ ಗೆರೆ ದಾಟೋದೇ ಇಲ್ಲ. ಸುಟ್ಟಾಗ ಇನ್ನೊಂದೂ ಆಗುತ್ತೆ, ನೀರು ಕಮ್ಮಿಯಾಗಿ ಹುಳಿ, ಸಿಹಿ, ಗ್ಲುಟಮೇಟ್ ಎಲ್ಲಾ ಗಟ್ಟಿಯಾಗುತ್ತೆ. ಗ್ಲುಟಮೇಟ್ ಅಂದ್ರೆ ಬಾಯಲ್ಲಿ ತುಂಬಿಕೊಂಡಂಗೆ ಅನ್ಸೋ ಆ ರುಚಿ, ಟೊಮೇಟೊದಲ್ಲಿ ಅದು ಹೆಚ್ಚಾಗಿರೋದು ಬೀಜದ ಸುತ್ತ ಇರೋ ಲೋಳೆಯಲ್ಲಿ. ಹಾಗಾಗಿ ದಯವಿಟ್ಟು ಆ ಲೋಳೆ ತೆಗೆದು ಬಿಸಾಕ್ಬೇಡಿ.

ಬೆಳ್ಳುಳ್ಳಿ ಕಥೆ ಇನ್ನೂ ಚೆಂದ. ಹಸಿ ಎಸಳಲ್ಲಿ ಆಲಿಯಿನ್ ಅನ್ನೋ ವಸ್ತು ಒಂದು ಕಡೆ, ಆಲಿಯಿನೇಸ್ ಅನ್ನೋ ಕಿಣ್ವ ಇನ್ನೊಂದು ಕಡೆ ಬೇರೆ ಬೇರೆ ಕೋಣೇಲಿ ಇದ್ದಂಗೆ ಇರ್ತವೆ, ಜಜ್ಜಿದಾಗ ಗೋಡೆ ಒಡೆದು ಎರಡೂ ಸೇರಿ ಆಲಿಸಿನ್ ಆಗುತ್ತೆ, ಮೂಗಿಗೆ ಹೊಡೆಯೋ ಆ ಕಟು ವಾಸನೆ ಅದೇ. ಸಿಪ್ಪೆ ಸಮೇತ ಹಂಚಿನ ಮೇಲೆ ಇಟ್ರೆ ಎಸಳು ಒಡೆಯೋ ಮುಂಚೇನೇ ಬಿಸಿಗೆ ಕಿಣ್ವ ಕೆಲಸ ನಿಲ್ಲಿಸಿಬಿಡುತ್ತೆ, ಆಮೇಲೆ ಎಷ್ಟು ಜಜ್ಜಿದ್ರೂ ಕಟು ಬರಲ್ಲ, ಒಳಗೆ ಬೆಣ್ಣೆ ಥರ ಮೆತ್ತಗೆ ಸಿಹಿಯಾಗಿರುತ್ತೆ. ಅಜ್ಜಿ ಎರಡು ಎಸಳಲ್ಲಿ ಒಂದನ್ನ ಪೂರ್ತಿ ಸುಟ್ಟು ಇನ್ನೊಂದನ್ನ ಅರ್ಧಕ್ಕೇ ತೆಗೆದ್ರು, ಸ್ವಲ್ಪ ಕಟು ಇರ್ಲಿ ಅಂತ.

ಇನ್ನು ಖಾರ. ಖಾರ ಒಂದು ರುಚಿ ಅಲ್ಲ, ಅದು ಉರಿ, ಅಂದ್ರೆ ನಿಜವಾಗ್ಲೂ ಬಿಸಿ ತಿಳಿಸೋ ನರದ ಮೇಲೆ ಆಗೋ ಕೆಲಸ. ಮೆಣಸಿನಕಾಯಿಯ ಉರಿ ಪದಾರ್ಥವನ್ನ 1876ರಲ್ಲಿ ಇಂಗ್ಲೆಂಡಿನ ಜಾನ್ ಕ್ಲಫ್ ಥ್ರೆಶ್ ಹೆಚ್ಚುಕಮ್ಮಿ ಶುದ್ಧವಾಗಿ ಬೇರ್ಪಡಿಸಿ ಕ್ಯಾಪ್ಸೈಸಿನ್ ಅಂತ ಹೆಸರಿಟ್ರು. ಅದು ನರವನ್ನ ಹೇಗೆ ತಟ್ಟುತ್ತೆ ಅಂತ ಗೊತ್ತಾಗಿದ್ದು ಮಾತ್ರ 1997ರಲ್ಲಿ, ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ಪ್ರಯೋಗಾಲಯದಲ್ಲಿ. ನರದ ತುದೀಲಿ ಟಿಆರ್‌ಪಿವಿ1 ಅನ್ನೋ ಒಂದು ಸಣ್ಣ ಬಾಗಿಲು ಇದೆ, ಮಾಮೂಲಾಗಿ 43 ಡಿಗ್ರಿ ಆಸುಪಾಸು ಬಿಸಿ ತಾಗಿದ್ರೆ ಅದು ತೆರ್ಕೊಂಡು "ಸುಡ್ತಿದೆ" ಅಂತ ಮೆದುಳಿಗೆ ಹೇಳುತ್ತೆ, ಕ್ಯಾಪ್ಸೈಸಿನ್ ಹೋಗಿ ಅದೇ ಬಾಗಿಲಿಗೆ ಅಂಟ್ಕೊಂಡ್ರೆ ನಮ್ಮ ಮೈಯ 37 ಡಿಗ್ರಿ ಬಿಸಿಗೇ ಅದು ತೆರ್ಕೊಂಡುಬಿಡುತ್ತೆ. ಈ ಕೆಲಸಕ್ಕೆ ಅವರಿಗೆ 2021ರ ನೊಬೆಲ್ ಬಂತು, ಇನ್ನೊಬ್ಬ ವಿಜ್ಞಾನಿ ಆರ್ಡೆಮ್ ಪಟಪೂಟಿಯನ್ ಜೊತೆ. ಇದು ಗೊತ್ತಿದ್ರೆ ಅಡುಗೆಮನೇಲೂ ಉಪಯೋಗ ಇದೆ: ಬಿಸಿ ಬಿಸಿ ಸಾಲ್ಸಾ ರುಚಿ ನೋಡಿ "ಅಬ್ಬಾ ಖಾರ" ಅನ್ಸಿದ್ರೆ ತಡೀರಿ, ಶಾಖ ಮತ್ತೆ ಕ್ಯಾಪ್ಸೈಸಿನ್ ಎರಡೂ ಸೇರಿ ಒಂದೇ ಬಾಗಿಲು ತಟ್ತಿವೆ, ಆರಿದ ಮೇಲೆ ಅಷ್ಟು ಅನ್ಸಲ್ಲ.

ಖಾರ ಇರೋದು ಬೀಜದಲ್ಲಿ ಅಂತ ನಾವೆಲ್ಲ ನಂಬ್ಕೊಂಡಿದ್ದೀವಿ. ಹಾಗಲ್ಲ. ಕಾಯಿ ಸೀಳಿದಾಗ ಬೀಜ ಅಂಟ್ಕೊಂಡಿರೋ ಬಿಳಿ ತಿರುಳು ಕಾಣುತ್ತಲ್ಲ, ಕ್ಯಾಪ್ಸೈಸಿನ್ ತಯಾರಾಗೋದು ಅಲ್ಲಿ, ಬೀಜಕ್ಕೆ ಅದು ಮೆತ್ಕೊಂಡಿರುತ್ತೆ ಅಷ್ಟೇ. ಮಕ್ಕಳಿಗೆ ಖಾರ ಕಮ್ಮಿ ಬೇಕು ಅಂದ್ರೆ ಆ ಬಿಳಿ ನಾರನ್ನ ಚಮಚದಲ್ಲಿ ಕೆರೆದು ತೆಗೀರಿ. ಖಾರ ಅಳೆಯೋ ಸ್ಕೋವಿಲ್ ಲೆಕ್ಕ ಶುರುವಾಗಿದ್ದೂ 1912ರಲ್ಲೇ, ಮಯಾರ್ ಬರೆದ ಅದೇ ವರ್ಷ. ಅಮೆರಿಕದ ಔಷಧ ತಜ್ಞ ವಿಲ್ಬರ್ ಸ್ಕೋವಿಲ್ ಮೆಣಸಿನಕಾಯಿ ಸಾರವನ್ನ ಸಕ್ಕರೆ ನೀರಲ್ಲಿ ಕಲಸ್ತಾ ಕಲಸ್ತಾ, ಎಷ್ಟು ಪಟ್ಟು ತೆಳು ಮಾಡಿದ್ರೆ ನಾಲಿಗೆಗೆ ಉರಿ ಗೊತ್ತಾಗಲ್ಲ ಅಂತ ಎಣಿಸಿದ್ರು. ಆ ಲೆಕ್ಕದಲ್ಲಿ ಹಲಪೆನ್ಯೊ ಮೆಣಸಿನಕಾಯಿ 2,500ರಿಂದ 8,000, ಸೆರಾನೊ 10,000ದಿಂದ 23,000, ಹಬನೆರೊ 1 ಲಕ್ಷದಿಂದ ಮೂರೂವರೆ ಲಕ್ಷ, ಶುದ್ಧ ಕ್ಯಾಪ್ಸೈಸಿನ್ 1.6 ಕೋಟಿ. ಆದ್ರೆ ಒಂದೇ ಗಿಡದ ಎರಡು ಕಾಯೀಲೂ ಖಾರ ಒಂದೇ ಇರಲ್ಲ, ಆದ್ದರಿಂದ ತುದಿ ಕೊಯ್ದು ನಾಲಿಗೆಗೆ ತಾಗಿಸಿ ನೋಡಿ ಆಮೇಲೆ ಎಷ್ಟು ಹಾಕ್ಬೇಕು ಅಂತ ತೀರ್ಮಾನ ಮಾಡಿ, ಪುಸ್ತಕದ ಲೆಕ್ಕ ನಂಬ್ಕೊಂಡು ಕೂರ್ಬೇಡಿ.

ಗಿಡಕ್ಕೆ ಈ ಉರಿ ಯಾಕೆ ಬೇಕಿತ್ತು? ಇಲಿ ಹೆಗ್ಗಣಗಳು ಹಣ್ಣು ತಿಂದ್ರೆ ಬೀಜಾನೂ ಅಗಿದು ಹಾಕ್ತವೆ, ಹಕ್ಕಿಗಳು ನುಂಗಿ ದೂರ ಹೋಗಿ ಹಾಗೇ ಉದುರಿಸ್ತವೆ. ಹಕ್ಕಿಗಳ ಟಿಆರ್‌ಪಿವಿ1ಗೆ ಕ್ಯಾಪ್ಸೈಸಿನ್ ತಟ್ಟೋದೇ ಇಲ್ಲ. ಅರಿಝೋನಾದ ಕಾಡು ಮೆಣಸಿನಕಾಯಿ ಚಿಲ್ಟೆಪಿನ್ ಮೇಲೆ ಮಾಡಿದ ಅಧ್ಯಯನವೊಂದು 2001ರಲ್ಲಿ ಇದನ್ನ ಚೆನ್ನಾಗಿ ತೋರಿಸ್ತು. ಹಕ್ಕಿ ಹಿಕ್ಕೆಯಿಂದ ಬಂದ ಬೀಜ ಮೊಳೀತು, ಇಲಿ ಹೊಟ್ಟೆಗೆ ಹೋಗಿದ್ದು ಮೊಳೀಲಿಲ್ಲ. ಬೊಲಿವಿಯಾದ ಕಾಡು ಗಿಡಗಳಲ್ಲಿ ನೋಡಿದಾಗ ಬೂಷ್ಟು ತಡೆಯೋದಕ್ಕೂ ಇದೇ ಖಾರ ಕೆಲಸಕ್ಕೆ ಬರುತ್ತೆ ಅಂತಾನೂ ಗೊತ್ತಾಯ್ತು.

ಮೆಕ್ಸಿಕೋ ಜನ ಈ ಗಿಡವನ್ನ ಪಳಗಿಸಿ ಸಾವಿರಾರು ವರ್ಷ ಆಯ್ತು. ಅಜ್ಜಿ ಊರಿನ ಸೀಮೆಯ ತೆವಾಕಾನ್ ಕಣಿವೆ ಗುಹೆಗಳಲ್ಲಿ ಹಳೇ ಕಾಲದ ಮೆಣಸಿನಕಾಯಿ ಕುರುಹು ಸಿಕ್ಕಿವೆ. ಚಿಲಿ, ಟೊಮೇಟೊ, ಅವಕಾಡೊ, ಈ ಹೆಸರೆಲ್ಲಾ ಅಲ್ಲಿನ ನವಾಟ್ಲ್ ಭಾಷೇದೇ. 16ನೇ ಶತಮಾನದಲ್ಲಿ ಸಾಗುನ್ ಅನ್ನೋ ಪಾದ್ರಿ, ಟ್ಲಾಟೆಲೊಲ್ಕೊ ಸಂತೇಲಿ ಟೊಮೇಟೊ, ಮೆಣಸಿನಕಾಯಿ, ಕುಂಬಳಬೀಜ ಹಾಕಿ ಮಾಡಿದ ಬಗೆಬಗೆ ಸಾರುಗಳನ್ನ ಮಾರೋರ ಬಗ್ಗೆ ಬರೆದಿಟ್ಟಿದ್ದಾನೆ. ಅದೇ ಶತಮಾನದಲ್ಲಿ ಪೋರ್ಚುಗೀಸರ ಹಡಗಲ್ಲಿ ಮೆಣಸಿನಕಾಯಿ ಗೋವಾ ಕಡೆಯಿಂದ ನಮ್ಮಲ್ಲಿಗೆ ಬಂತು. ನಮ್ಮಲ್ಲಿ ಆಗ ಖಾರ ಅಂದ್ರೆ ಕಾಳುಮೆಣಸು, ಹೊಸ ಕಾಯಿಗೂ ಅದರ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಅಂದ್ವಿ. ಸ್ಪೇನ್‌ನವ್ರೂ ಹಾಗೇ ಮಾಡಿದ್ದು, ಕಾಳುಮೆಣಸಿಗೆ ಪಿಮಿಯೆಂತಾ, ಈ ಕಾಯಿಗೆ ಪಿಮಿಯೆಂತೊ. ಎರಡು ಖಂಡದ ಜನ ಒಬ್ಬರಿಗೊಬ್ಬರು ಗೊತ್ತಿಲ್ದೇ ಒಂದೇ ಥರ ಯೋಚ್ನೆ ಮಾಡಿದ್ದಾರಲ್ಲ ಅಂತ ನಂಗೆ ಪ್ರತಿಸಲ ಖುಷಿಯಾಗುತ್ತೆ.

ಸರಿ, ಹಂಚಿನ ಹತ್ರ ಬರೋಣ. ಹತ್ತು ಹನ್ನೆರಡು ನಿಮಿಷ ಆಯ್ತು, ಟೊಮೇಟೊ ಮೆತ್ತಗಾಗಿ ಅಲ್ಲಲ್ಲಿ ಕಪ್ಪು ಮಚ್ಚೆ ಬಂದಿದೆ, ಮೆಣಸಿನಕಾಯಿ ಮೈಯೆಲ್ಲ ಬೊಬ್ಬೆ. ಅಜ್ಜಿ ಕಲ್ಲಿನ ಒರಳು ಎಳ್ಕೊಂಡ್ರು, ಮೊಲ್ಕಹೆತೆ ಅಂತ ಅದರ ಹೆಸರು, ಮೂರು ಕಾಲಿನ ಜ್ವಾಲಾಮುಖಿ ಕಲ್ಲಿಂದು, ಮೈತುಂಬ ಸಣ್ಣ ಸಣ್ಣ ತೂತು. ಮೊದ್ಲು ಕಲ್ಲುಪ್ಪು ಮತ್ತೆ ಬೆಳ್ಳುಳ್ಳಿ ಹಾಕಿ ಅರೆದ್ರು. ಉಪ್ಪಿನ ಹರಳು ಮರಳು ಥರ ಉಜ್ಜಿ ಎಸಳನ್ನ ನುಣ್ಣಗೆ ಮಾಡುತ್ತೆ. ಆಮೇಲೆ ಮೆಣಸಿನಕಾಯಿ, ಆಮೇಲೆ ಈರುಳ್ಳಿ, ಕೊನೇಗೆ ಟೊಮೇಟೊ, ಅದನ್ನ ಒತ್ತಿ ಒಡೆದ್ರು ಅಷ್ಟೇ, ಸಿಪ್ಪೆ ಸಮೇತ. ಈ ಕ್ರಮ ತುಂಬಾ ಮುಖ್ಯ, ಯಾಕಂದ್ರೆ ನೀರಿನ ಪದಾರ್ಥ ಮೊದ್ಲೇ ಹಾಕಿದ್ರೆ ಗಟ್ಟಿ ಪದಾರ್ಥ ಜಾರ್ಕೊಂಡು ಹೋಗುತ್ತೆ, ಅರೆಯಲ್ಲ. ಉಪ್ಪು ಇಲ್ಲಿ ಇನ್ನೊಂದು ಕೆಲಸಾನೂ ಮಾಡುತ್ತೆ, ಸುಟ್ಟ ಸಿಪ್ಪೆಯ ಕಹಿಯನ್ನ ನಾಲಿಗೆಗೆ ಕಮ್ಮಿ ಗೊತ್ತಾಗೋ ಹಂಗೆ ಮಾಡುತ್ತೆ. ಸಾಲ್ಸಾ ಅನ್ನೋ ಪದಾನೇ ಲ್ಯಾಟಿನ್‌ನಲ್ಲಿ ಉಪ್ಪು ಹಾಕಿದ್ದು ಅನ್ನೋ ಅರ್ಥದಿಂದ ಬಂದಿದ್ದು.

ಒರಳು ಇಲ್ಲ ಅಂದ್ರೆ ಮಿಕ್ಸೀನೂ ಆಗುತ್ತೆ, ಆದ್ರೆ ಬಟನ್ ಒತ್ತಿ ಒತ್ತಿ ಬಿಡಿ, ಓಡೋಕೆ ಬಿಡ್ಬೇಡಿ. ಬ್ಲೇಡು ಜೋರಾಗಿ ತಿರುಗಿದ್ರೆ ಗಾಳಿ ಒಳಗೆ ಸೇರಿ ಸಾಲ್ಸಾ ನೊರೆನೊರೆಯಾಗಿ ಕೆಂಪು ಹೋಗಿ ಗುಲಾಬಿ ಬಣ್ಣಕ್ಕೆ ತಿರುಗುತ್ತೆ. ಚಟ್ನಿ ರುಬ್ಬೋರಿಗೆ ತರಿತರಿ ಅಂದ್ರೆ ಏನು ಅಂತ ನಾನು ಹೇಳ್ಬೇಕಾಗಿಲ್ಲ, ಅದೇ ಹದ. ಕೊನೇಲಿ ಹೆಚ್ಚಿದ ಕೊತ್ತಂಬರಿ ಸೊಪ್ಪು, ಅರ್ಧ ನಿಂಬೆಹಣ್ಣು. ನಿಂಬೆ ರಸ ಕೊನೇಗೇ ಹಾಕ್ಬೇಕು, ಬಿಸಿ ಇರೋವಾಗ ಹಿಂಡಿದ್ರೆ ಅದರ ಘಮ ಆವಿಯಾಗಿ ಹೋಗುತ್ತೆ.

ಹಸಿರು ಸಾಲ್ಸಾಗೆ ಟೊಮಾಟಿಯೊ ಬೇಕು, ಕಾಗದದಂಥ ಹೊದಿಕೆ ಒಳಗಿರೋ ಹಸಿರು ಹುಳಿ ಹಣ್ಣು, ಟೊಮೇಟೊ ಬಳಗದ್ದೇ ಆದ್ರೂ ಅದು ಕಾಯಿ ಟೊಮೇಟೊ ಅಲ್ಲ. ಹೊದಿಕೆ ಬಿಡಿಸಿದಾಗ ಅಂಟಂಟು ಇರುತ್ತೆ, ಚೆನ್ನಾಗಿ ತೊಳೀಬೇಕು. ಅದರಲ್ಲಿ ಪೆಕ್ಟಿನ್ ಜಾಸ್ತಿ, ಜಾಮ್ ಗಟ್ಟಿಯಾಗೋದು ಯಾವುದರಿಂದಲೋ ಅದೇ, ಹಾಗಾಗಿ ಫ್ರಿಜ್‌ನಲ್ಲಿಟ್ರೆ ಹಸಿರು ಸಾಲ್ಸಾ ಹೆಪ್ಪುಗಟ್ಟಿದಂಗೆ ಆಗುತ್ತೆ. ಕೆಟ್ಟಿಲ್ಲ ಅದು, ಎರಡು ಚಮಚ ನೀರು ಹಾಕಿ ಕಲಸಿದ್ರೆ ಸರಿಹೋಗುತ್ತೆ.

ಒಣ ಮೆಣಸಿನಕಾಯಿ ಸಾಲ್ಸಾ ಮಾತ್ರ ಹುಷಾರಾಗಿ ಮಾಡ್ಬೇಕು. ನಾನು ಮೊದಲ ಸಲ ಅರ್ಬೊಲ್ ಅನ್ನೋ ಸಣ್ಣ ಒಣ ಮೆಣಸಿನಕಾಯಿ ಹುರಿಯೋವಾಗ ಕಿಟಕಿ ತೆಗೆಯದೆ ಒಂದು ನಿಮಿಷ ಹೆಚ್ಚಿಗೆ ಬಿಟ್ಟೆ, ಮನೆತುಂಬ ಘಾಟು, ಪುಟ್ಟ ಮಗಳು ಕೆಮ್ಮಿ ಕೆಮ್ಮಿ ಅತ್ತುಬಿಟ್ಲು, ಅವತ್ತು ನಂಗೆ ತುಂಬಾ ಬೇಜಾರಾಯ್ತು. ಹೊಗೆ ಜೊತೆ ಕ್ಯಾಪ್ಸೈಸಿನ್ ಗಾಳಿಗೆ ಏರುತ್ತೆ, ಶ್ವಾಸನಾಳದಲ್ಲೂ ಅದೇ ಟಿಆರ್‌ಪಿವಿ1 ಇರೋದ್ರಿಂದ ಕೆಮ್ಮು ತಡೆಯಕ್ಕಾಗಲ್ಲ. ಒಣ ಕಾಯೀಲಿ ತಂಪು ಮಾಡಕ್ಕೆ ನೀರೇ ಇಲ್ಲ, ಅದಕ್ಕೇ 20-30 ಸೆಕೆಂಡಿಗೆ ಘಮ್ ಅಂದ್ರೆ ತೆಗೀಬೇಕು, ಕಪ್ಪಾದ್ರೆ ಬರೀ ಕಹಿ. ಟೊಮೇಟೊಗೆ ಕಾಯ್ಬೇಕು, ಇದಕ್ಕೆ ಕಾಯಂಗಿಲ್ಲ. ಆಮೇಲೆ ಬಿಸಿನೀರಲ್ಲಿ ಹತ್ತು ನಿಮಿಷ ನೆನೆಸಿ ಅರೆದ್ರಾಯ್ತು. ಗುವಾಹಿಯೊ ಮೆಣಸಿನಕಾಯಿ ಸಿಗದ ಕಡೆ ಬ್ಯಾಡಗಿ ಹಾಕಿ ನೋಡಿ, ಅದೇ ಥರ ಖಾರ ಕಮ್ಮಿ, ಬಣ್ಣ ಜಾಸ್ತಿ, ನನ್ನ ಕೈಯಲ್ಲಂತೂ ತುಂಬಾ ಚೆನ್ನಾಗಿ ಬರ್ತಿದೆ.

ಬಾಯಿ ಉರಿದ್ರೆ ನೀರು ಕುಡೀಬೇಡಿ. ಕ್ಯಾಪ್ಸೈಸಿನ್ ನೀರಲ್ಲಿ ಕರಗಲ್ಲ, ಕೊಬ್ಬಲ್ಲಿ ಕರಗುತ್ತೆ, ನೀರು ಅದನ್ನ ಬಾಯಿತುಂಬ ಹರಡುತ್ತೆ ಅಷ್ಟೇ. ಹಾಲು ಮೊಸರಲ್ಲಿರೋ ಕೇಸಿನ್ ಪ್ರೋಟೀನು ಅದನ್ನ ಹಿಡ್ಕೊಂಡು ನಾಲಿಗೆಯಿಂದ ಬಿಡಿಸುತ್ತೆ, ಟಾಕೊ ಮೇಲೆ ಕ್ರೆಮಾ (ಹುಳಿ ಕೆನೆ), ಅವಕಾಡೊ ಹಾಕೋದ್ರಲ್ಲಿ ಅರ್ಥ ಇದೆ. ಕೈಗೆ ಮೆತ್ತಿದ್ರೂ ಹಾಗೇ, ಮೊದ್ಲು ಎಣ್ಣೆ ಸವರಿ ಆಮೇಲೆ ಸೋಪು ಹಾಕಿ ತೊಳೀರಿ, ಅಲ್ಲೀವರೆಗೂ ಕಣ್ಣು ಮುಟ್ಕೋಬೇಡಿ.

ಉಳಿದಿದ್ದನ್ನ ಮುಚ್ಚಿ ಫ್ರಿಜ್‌ನಲ್ಲಿಡಿ, ಮೂರ್ನಾಲ್ಕು ದಿನದಲ್ಲಿ ಮುಗಿಸಿ. ಬೆಳ್ಳುಳ್ಳಿಯನ್ನ ಎಣ್ಣೇಲಿ ಮುಳುಗಿಸಿ ಹೊರಗಡೆ ಮಾತ್ರ ಖಂಡಿತ ಇಡ್ಬೇಡಿ. ಗಾಳಿ ಇಲ್ಲದ, ಹುಳಿ ಇಲ್ಲದ ಕಡೆ ಬೊಟುಲಿಸಮ್ ಅನ್ನೋ ಕಾಯಿಲೆ ತರೋ ಬ್ಯಾಕ್ಟೀರಿಯಾ ಬೆಳೆಯುತ್ತೆ, ಅದರ ವಿಷಕ್ಕೆ ಬಣ್ಣ ವಾಸನೆ ಏನೂ ಇರಲ್ಲ, ಪ್ರಾಣಕ್ಕೇ ಅಪಾಯ.

ಅಜ್ಜಿ ಅವತ್ತು ಒರಳಲ್ಲಿ ಮಿಕ್ಕಿದ್ದನ್ನ ಒಂದು ಡಬ್ಬೀಲಿ ತುಂಬಿ ಕೊಟ್ಟು ಕಳಿಸಿದ್ರು. ಮಾರನೇ ದಿನ ಬೆಳಿಗ್ಗೆ ರುಚಿ ನೋಡಿದ್ರೆ ಉಪ್ಪು ಎಲ್ಲಾ ಕಡೆ ಸಮವಾಗಿ ಇಳಿದಿತ್ತು, ಹೊಗೆ ವಾಸನೆ ಕೂಡ್ಕೊಂಡಿತ್ತು. ಬಾಣಲೇಲಿ ಬಿಸಿ ಮಾಡಿ, ಹಳೇ ಟೋರ್ಟಿಯಾ (ಮೆಕ್ಕೆಜೋಳದ ರೊಟ್ಟಿ) ಚೂರು ಕರಿದು ಅದರಲ್ಲಿ ಹೊರಳಿಸಿ, ಮೇಲೊಂದು ಮೊಟ್ಟೆ ಒಡೆದು ಹಾಕಿದೆ. ಚಿಲಾಕಿಲೆಸ್ ಅಂತಾರೆ ಅದಕ್ಕೆ. ಮಗಳು ಎರಡನೇ ಸಲ ಹಾಕಿಸ್ಕೊಂಡ್ಲು.